ಮಣಿಪಾಲ ಬೆಳೆದದ್ದು ಗುಡ್ಡೆಯಲ್ಲಿ, ಗದ್ದೆಯಲ್ಲಲ್ಲ

ಮಕರ ಸಂಕ್ರಮಣ ಕಳೆದ ವಾರ. ಅಂಗಳದಲ್ಲಿ ಉದ್ದು ಬಡಿಯುತ್ತಿದ್ದೆ. ಜಾಗದ ವ್ಯಾಪಾರ ಕುದುರಿಸುವ ಒಬ್ಬರು ಬಂದರು. ಪರಿಚಯದವರೇ, ಒಳ್ಳೆ ಮಾತಿನವರು. ನೀರು ಬೆಲ್ಲ ಕೊಟ್ಟೆವು. ಕುಡಿದು, ಮೊಬೈಲಿನಲ್ಲಿ ನಮ್ಮ ಜಾಗದ ನಕ್ಷೆ ತೆಗೆದು ತೋರಿಸಿದರು. ನನ್ನ ಗದ್ದೆಯ ಬದುಗಳು ಅದರಲ್ಲಿ ಗೆರೆ ಗೆರೆಯಾಗಿ ಕಾಣುತ್ತಿದ್ದವು.

"ಅಣ್ಣಾ, ಮೇಲಿನ ಬೆಟ್ಟು ನನಗೆ ಬೇಡ. ರಸ್ತೆ ಬದಿಯ ಕೆಳಗಿನ ತುಂಡು ಕೊಡಿ. ನಾಲ್ಕಡಿ ಮಣ್ಣು ಹಾಕಿದ್ರೆ ರಸ್ತೆಗೆ ಸಮ ಆಗ್ತದೆ. ಹತ್ತು ವರ್ಷದಲ್ಲಿ ಮಣಿಪಾಲ ಇಲ್ಲಿಗೇ ಬರ್ತದೆ, ನೋಡ್ತಾ ಇರಿ" ಅಂದರು. ಚಪ್ಪಲಿ ಹಾಕುವಾಗ ಇನ್ನೊಂದು ಮಾತು ಹೇಳಿದರು: "ಮಣಿಪಾಲವಾದರೂ ಮೊದಲು ಏನಿತ್ತು? ಬರೀ ಬೋಳು ಗುಡ್ಡೆ. ಈಗ ನೋಡಿ!"

ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅವರು ಹೇಳಿದ್ದು ನಿಜ. ಆದರೆ ಅದರಿಂದ ಅವರು ತೆಗೆದ ಲೆಕ್ಕ ತಪ್ಪು ಅಂತ ನನಗೆ ಕಾಣ್ತದೆ. ಯಾಕೆ ತಪ್ಪು ಅಂತ ಬರೆಯಲಿಕ್ಕೆ ಕೂತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆಯಲ್ಲಿ ಹೆಚ್ಚು ಕಡಿಮೆ ಇದ್ದರೆ ಓದುಗರು ಸುಧಾರಿಸಿಕೊಳ್ಳಬೇಕು.

ಮೊದಲು ನನ್ನ ಜಾಗದ ವಿಷಯ ಹೇಳಿಬಿಡುತ್ತೇನೆ. ಕಟಪಾಡಿಯಿಂದ ಶಂಕರಪುರ, ಶಿರ್ವದ ಕಡೆ ಹೋಗುವ ರಸ್ತೆಯ ಆಚೀಚೆ ಇರುವ ಊರು ನಮ್ಮದು. 1974ರ ಭೂಸುಧಾರಣೆ ಆದ ಮೇಲೆ ಅಪ್ಪ ಡಿಕ್ಲರೇಶನ್ ಕೊಟ್ಟು ಸಿಕ್ಕಿದ ಜಾಗ, 1 ಎಕರೆ 60 ಸೆಂಟ್ಸು. ಅದಕ್ಕೆ ಮುಂಚೆ ಅದೇ ಜಾಗಕ್ಕೆ ಮುಡಿ ಲೆಕ್ಕದಲ್ಲಿ ಗೇಣಿ ಅಕ್ಕಿ ಹೊತ್ತವರು ನಾವು. ಹೆಚ್ಚಿನದು ಬೆಟ್ಟು. ಕೆಳಗೆ ತೋಡಿನ ಬದಿಗೆ ಸ್ವಲ್ಪ ಮಜಲು. ಪಂಪು ಇಲ್ಲ, ಪೂರ್ತಿ ಮಳೆ ನಂಬಿದ ಸಾಗುವಳಿ. ಮಳೆಗಾಲಕ್ಕೆ ಎಂಒ4 ಭತ್ತ. ಕೊಯ್ಲು ಆದ ಮೇಲೆ ಮಣ್ಣಿನಲ್ಲಿ ಪಸೆ ಉಳಿದರೆ ಉದ್ದು, ಹುರುಳಿ. ಪಸೆ ಇಲ್ಲದ ವರ್ಷ ಅದೂ ಇಲ್ಲ. ಮನೆ ಬಾವಿಯ ನೀರಿನಲ್ಲಿ ಹದಿನೆಂಟು ಮಲ್ಲಿಗೆ ಗಿಡ ಉಂಟು, ಅದು ಹೆಂಡತಿಯ ಖಾತೆ. ಆ ಬಾವಿಯ ವಿಷಯ ಮುಂದೆ ಬರ್ತದೆ.

ಇನ್ನು ಮಣಿಪಾಲ. ಮಣ್ಣಪಳ್ಳ ಅಂತ ಅಲ್ಲೊಂದು ಕೆರೆ ಉಂಟಲ್ಲ, ಮಣ್ಣಿನ ಪಳ್ಳ, ಅದರಿಂದಲೇ ಊರಿಗೆ ಹೆಸರು ಬಂತು ಅಂತ ಹೇಳುತ್ತಾರೆ. ಉಡುಪಿಯಿಂದ ಮೂಡಕ್ಕೆ ಐದು ಕಿಲೋಮೀಟರಿನಷ್ಟು ದೂರ. ಮುರಕಲ್ಲಿನ ಗುಡ್ಡೆ. ಮುಳಿಹುಲ್ಲು ಬಿಟ್ಟರೆ ಬೇರೆ ಬೆಳೆ ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಹಗಲಿನಲ್ಲೂ ಒಬ್ಬರೇ ಹೋಗಲಿಕ್ಕೆ ಜನ ಹೆದರುತ್ತಿದ್ದರಂತೆ. ಅಂಥ ಗುಡ್ಡೆಯನ್ನು ಡಾಕ್ಟರ್ ಟಿ.ಎಂ.ಎ. ಪೈಗಳು ಆರಿಸಿಕೊಂಡರು. 1898ರಲ್ಲಿ ಕಲ್ಯಾಣಪುರದಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ಡಾಕ್ಟರಿಕೆ ಕಲಿತವರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. ಸರಕಾರವೇ ಮೆಡಿಕಲ್ ಕಾಲೇಜು ಮಾಡಲಿಕ್ಕೆ ಒದ್ದಾಡುತ್ತಿದ್ದ ಕಾಲದಲ್ಲಿ ಒಂದು ಬೋಳು ಗುಡ್ಡೆಯ ಮೇಲೆ ಖಾಸಗಿಯವರು ಮೆಡಿಕಲ್ ಕಾಲೇಜು ಮಾಡಿದ್ದು ಸಣ್ಣ ಕೆಲಸವಲ್ಲ.

ಅದಕ್ಕೂ ಮುಂಚೆ ಬ್ಯಾಂಕು. 1925ರಲ್ಲಿ ಪೈಗಳು, ಅವರ ಅಣ್ಣ ಉಪೇಂದ್ರ ಪೈಗಳು, ವಾಮನ ಕುಡ್ವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಸುರು ಮಾಡಿದ್ದು. ಕೈಮಗ್ಗದ ನೇಕಾರರಿಗೆ ಕಷ್ಟಕಾಲ, ಅವರಿಗೆ ಹಣದ ಸಹಾಯ ಆಗಬೇಕು ಅಂತ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, ಮಣಿಪಾಲಕ್ಕೆ ಬಂತು. 1928ರಲ್ಲಿ ಪಿಗ್ಮಿ ಸುರು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಾನು ಸಣ್ಣವನಿರುವಾಗ ನಮ್ಮಲ್ಲಿಗೆ ಪಿಗ್ಮಿಯವರು ಬರುತ್ತಿದ್ದದ್ದು ನೆನಪುಂಟು. ಬೀಡಿ ಕಟ್ಟಿದ ಹಣದಲ್ಲಿ ಅಮ್ಮ ದಿನಕ್ಕೆ ಒಂದು ರೂಪಾಯಿ ಹಾಕುತ್ತಿದ್ದರು. ಅಕ್ಕನ ಮದುವೆಗೆ ಒಂದು ಜೊತೆ ಬಳೆ ಆ ಹಣದಲ್ಲೇ ಆದದ್ದು. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣ ಆಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸುರು ಮಾಡಿದ ಕಾರ್ಪೊರೇಶನ್ ಬ್ಯಾಂಕೂ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಎರಡು ಬೋರ್ಡು ಒಂದೇ ದಿನ ಇಳಿದವು. ನಮ್ಮ ಊರಿನ ಹಳಬರಿಗೆ ಆ ದಿನ ಮನೆಯವರೇ ತೀರಿಹೋದ ಹಾಗೆ ಆಗಿತ್ತು. ಇರಲಿ, ಅದು ಬೇರೆ ವಿಷಯ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಾನು ಪೇಟೆಯ ವಿರೋಧಿ ಅಂತ ಯಾರೂ ತಿಳಿಯಬಾರದು. ನನ್ನ ಹೆಂಡತಿಯ ಜೀವ ಉಳಿದದ್ದು ಮಣಿಪಾಲದ ಆಸ್ಪತ್ರೆಯಲ್ಲಿ. ನನ್ನ ಮಗ ಕೆಲಸ ಮಾಡುವುದು ಅಲ್ಲಿನ ಒಂದು ಪ್ರೆಸ್ಸಿನಲ್ಲಿ. ಅವನ ಸಂಬಳ ಬರದಿದ್ದರೆ ನನ್ನ ಗದ್ದೆಗೆ ಟಿಲ್ಲರ್ ಇಳಿಸಲಿಕ್ಕೆ ಹಣ ಇಲ್ಲ. ಮಲ್ಲಿಗೆಯೂ ಹಾಗೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದಲ್ಲಿ ದಿನ ದಿನ ರೇಟು ಆಗಿ ಉಡುಪಿ, ಮಂಗಳೂರು, ಮುಂಬಯಿಗೆ ಹೋಗುವ ಹೂವು. ತೆಗೆದುಕೊಳ್ಳುವ ಪೇಟೆ ಇಲ್ಲದಿದ್ದರೆ ಹದಿನೆಂಟು ಗಿಡದಿಂದ ಯಾರು ಜೀವನ ಮಾಡಿಯಾರು?

ಹಾಗಾದರೆ ನನ್ನ ತಕರಾರು ಏನು? ಪೇಟೆ ಬೆಳೆಯುವುದರಲ್ಲಿ ತಕರಾರಿಲ್ಲ. ಎಲ್ಲಿ ಬೆಳೀತದೆ ಅನ್ನುವುದರಲ್ಲಿ ಉಂಟು.

ಪೈಗಳು ಗದ್ದೆ ಹುಡುಕಿಕೊಂಡು ಹೋಗಲಿಲ್ಲ. ಯಾರಿಗೂ ಬೇಡದ ಗುಡ್ಡೆಗೆ ಹೋದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ, ಜಾಗ ಅಗ್ಗಕ್ಕೆ ಸಿಕ್ಕಿತು ಅಂತಲೂ ಇರಬಹುದು. ಹೇಗೇ ಇರಲಿ, ಆಸ್ಪತ್ರೆ, ಕಾಲೇಜು, ಹಾಸ್ಟೆಲು ಎಲ್ಲ ಮೇಲೆ ಬಂತು, ಕೆಳಗಿನ ಬೈಲು ಬೈಲಾಗಿಯೇ ಉಳಿಯಿತು. ನಲ್ವತ್ತು ವರ್ಷ ಹಾಗೆ ನಡೆಯಿತು.

ಬಳಿಕ 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆ ಆಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು, ಇಂದ್ರಾಳಿಯಲ್ಲಿ ಸ್ಟೇಷನ್ನು. 17 ನಂಬ್ರದ ಹೈವೇ 66 ಆಯಿತು, ನಾಲ್ಕು ಸಾಲಿನದ್ದಾಯಿತು. ಶಿವಳ್ಳಿಯ ಕೈಗಾರಿಕಾ ಪ್ರದೇಶ ಮೊದಲೇ ಇತ್ತು. ತೆಂಕಕ್ಕೆ ನಂದಿಕೂರು, ಎಲ್ಲೂರಿನ ಕಡೆ 1,200 ಮೆಗಾವಾಟಿನ ವಿದ್ಯುತ್ ಸ್ಥಾವರ ಬಂತು. ಪಡುವಕ್ಕೆ ಮಲ್ಪೆ ಬಂದರು, ದೋಣಿ ಕಟ್ಟುವ ಕೆಲಸ, ಮಂಜುಗಡ್ಡೆ, ಮೀನಿನ ಲಾರಿಗಳು. 2018ರಲ್ಲಿ ಕಾಪು ತಾಲೂಕು ಆಯಿತು. ಹೀಗೆ ಸಂತೆಕಟ್ಟೆಯಿಂದ ಪಡುಬಿದ್ರಿಯವರೆಗೆ ಹೈವೇ ಬದಿಯಲ್ಲಿ ಎಲ್ಲಿ ಪೇಟೆ ಮುಗಿಯಿತು, ಎಲ್ಲಿ ಊರು ಸುರುವಾಯಿತು ಅಂತ ಈಗ ಹೇಳಲಿಕ್ಕೆ ಆಗುವುದಿಲ್ಲ. ಉದ್ಯಾವರ ಸೇತುವೆ ದಾಟುವಾಗ ಮಾತ್ರ ಸ್ವಲ್ಪ ಗಾಳಿ ಬೀಸ್ತದೆ.

ಹೀಗೆ ಬೆಳೆಯುವ ಪೇಟೆ ಒಂದು ಹೊಸ ಉಪಾಯ ಕಂಡುಹಿಡಿದಿದೆ. ಗುಡ್ಡೆಯ ಮಣ್ಣನ್ನು ಜೆಸಿಬಿಯಲ್ಲಿ ತೆಗೆಯುವುದು, ಟಿಪ್ಪರಿನಲ್ಲಿ ತಂದು ಗದ್ದೆಗೆ ಹಾಕುವುದು. ಮೇಲೆ ಒಂದು ಸೈಟು, ಕೆಳಗೆ ಒಂದು ಸೈಟು. ಒಂದು ಖರ್ಚಿನಲ್ಲಿ ಎರಡು ಕೆಲಸ. ಪೈಗಳ ಮಣಿಪಾಲಕ್ಕೂ ನಮ್ಮ ಬ್ರೋಕರರ ಮಣಿಪಾಲಕ್ಕೂ ವ್ಯತ್ಯಾಸ ಇರುವುದು ಇಲ್ಲಿ.

ಇದರಲ್ಲಿ ನಾನೂ ಪಾಲುದಾರ. ಅದನ್ನು ಅಡಗಿಸುವುದು ಸರಿಯಲ್ಲ. 2014ರಲ್ಲಿ ದೊಡ್ಡ ಮಗಳ ಮದುವೆಗೆ ರಸ್ತೆ ಬದಿಯ 12 ಸೆಂಟ್ಸು ಮಜಲು ಕೊಟ್ಟೆ. ಕೊಳ್ಳುವವರು ಮನೆ ಕಟ್ಟುತ್ತೇವೆ ಅಂದರು. ಎರಡು ವರ್ಷ ಸುಮ್ಮನಿದ್ದು 2016ರಲ್ಲಿ ಮಣ್ಣು ಹಾಕಿದರು. ನಾಲ್ಕಡಿ. ನಾನು ಅಂಗಳದಲ್ಲಿ ಕೂತು ಟಿಪ್ಪರ್ ಲೆಕ್ಕ ಮಾಡಿದೆ, ನೂರರ ಹತ್ತಿರ ಆಯಿತು. ಮಣ್ಣು ಬಂದದ್ದು ಎಲ್ಲಿಂದ ಅಂತ ಕೇಳಿದರೆ ಡ್ರೈವರ್ "ಮೇಲಿಂದ" ಅಂದ. ಅಷ್ಟೆ.

ಮಣ್ಣು ಹಾಕುವಾಗ ಬದಿಯ ಕಣಿ ಮುಚ್ಚಿತು. ಎರಡಾಳು ಅಗಲ ಇದ್ದ ತೋಡು ಕಲ್ಲು ಕಟ್ಟಿದ ಮೇಲೆ ಒಂದು ಮೊಳ ಆಯಿತು. ನಾನು ಹೇಳಿದೆ. "ಪೈಪ್ ಹಾಕಿದ್ದೇವಲ್ಲ" ಅಂದರು. ಹೌದು, ಹಾಕಿದ್ದರು, ಒಂದಡಿಯ ಪೈಪು. ಆಟಿಯ ಮಳೆಗೆ ತೋಡಿನಲ್ಲಿ ಬರುವ ನೀರು ಒಂದಡಿಯ ಪೈಪಿನ ಮಾತು ಕೇಳುವುದಿಲ್ಲ. ಮೊದಲ ವರ್ಷವೇ ಕೆಳಗಿನವರ ನೇಜಿ ಮೂರು ದಿನ ನೀರಿನಲ್ಲಿ ನಿಂತು ಕೊಳೆಯಿತು. ಅವರು ನಮ್ಮ ದೂರದ ಸಂಬಂಧಿಕರು, ದೊಡ್ಡಮ್ಮ ಅಂತಲೇ ನಾನು ಕರೆಯುವುದು. ಅವರು ನನ್ನನ್ನು ಬೈಯಲಿಲ್ಲ. "ನಿನ್ನ ಮಗಳ ಮದುವೆ ಆಗ್ಬೇಕಿತ್ತಲ್ಲ ಮಗಾ" ಅಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮೂರನೇ ವರ್ಷದಿಂದ ಅವರ ಗದ್ದೆ ಹಡಿಲು.

ಗದ್ದೆಗೆ ಮಣ್ಣು ಬಿದ್ದರೆ ನೀರಿನ ಲೆಕ್ಕ ಏನಾಗ್ತದೆ ಅಂತ ನಾನು ಕೂತು ಮಾಡಿ ನೋಡಿದೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ, ಅಂದರೆ ನಾಲ್ಕು ಮೀಟರ್ ನೀರು. ಒಂದು ಸೆಂಟ್ಸು ಜಾಗ 40 ಚದರ ಮೀಟರ್ ಚಿಲ್ಲರೆ. ಒಂದು ಸೆಂಟ್ಸಿನ ಮೇಲೆಯೇ ಮಳೆಗಾಲದಲ್ಲಿ ಒಂದೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳ್ತದೆ. ನನ್ನ 12 ಸೆಂಟ್ಸಿಗೆ 19 ಲಕ್ಷ ಲೀಟರ್. ಭತ್ತದ ಗದ್ದೆಗೆ ಬದು ಉಂಟು. ನಾಲ್ಕಿಂಚು ನೀರು ನಿಲ್ಲಿಸಿದರೂ ಒಂದು ಎಕರೆಯಲ್ಲಿ ಒಂದು ಸಲಕ್ಕೆ ನಾಲ್ಕು ಲಕ್ಷ ಲೀಟರ್ ನಿಲ್ತದೆ. ಆರು ಸಾವಿರ ಲೀಟರಿನ ಟ್ಯಾಂಕರು ಲೆಕ್ಕ ಹಾಕಿದರೆ ಅರವತ್ತಕ್ಕೂ ಮೇಲೆ. ಆ ನೀರು ನಿಂತಲ್ಲೇ ಇರುವುದಿಲ್ಲ, ದಿನಾ ಇಂಗ್ತದೆ, ಮತ್ತೆ ಮಳೆ ಬರ್ತದೆ, ಮತ್ತೆ ತುಂಬ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಎಷ್ಟು ಸಲ ತುಂಬಿತು ಅಂತ ಯಾರು ಲೆಕ್ಕ ಇಟ್ಟಿದ್ದಾರೆ? ಇಷ್ಟು ನೀರು ಇಂಗಿಸಿದ್ದಕ್ಕೆ ನಮಗೆ ಯಾರೂ ಒಂದು ಪೈಸೆ ಕೊಡುವುದಿಲ್ಲ. ನಾವು ಕೇಳಿದ್ದೂ ಇಲ್ಲ. ಭತ್ತದ ರೇಟಿನಲ್ಲಿ ಅದು ಸೇರಿಲ್ಲ.

ಗುಡ್ಡೆಯದ್ದೂ ಒಂದು ಕೆಲಸ ಉಂಟು. ಮುರಕಲ್ಲಿನಲ್ಲಿ ತೂತು ತೂತು. ಮೇಲೆ ಬಿದ್ದ ಮಳೆಯನ್ನು ಅದು ಕುಡಿದು ನಿಧಾನಕ್ಕೆ ಕೆಳಗೆ ಬಿಡ್ತದೆ. ನಮ್ಮ ಬಾವಿಗಳಿಗೆ ಫೆಬ್ರವರಿ, ಮಾರ್ಚಿನಲ್ಲಿ ಒಸರು ಬರುವುದು ಹಾಗೆ. ಗುಡ್ಡೆ ಕಡಿದು ಗದ್ದೆಗೆ ಹಾಕಿದರೆ ಕುಡಿಯುವುದೂ ಇಲ್ಲ, ಹಿಡಿಯುವುದೂ ಇಲ್ಲ. ನಮ್ಮ ಬಾವಿ ನಾನು ಕಂಡ ಹಾಗೆ ಮೇ ಕೊನೆಯವರೆಗೂ ಬತ್ತಿದ್ದಿಲ್ಲ. ಈಗ ಏಪ್ರಿಲ್ ಹದಿನೈದು ದಾಟಿದರೆ ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ. ಮಲ್ಲಿಗೆಗೆ ರೇಟು ಬರುವುದು ಮದುವೆಗಳು ಇರುವ ಬೇಸಗೆಯಲ್ಲೇ, ಗಿಡಕ್ಕೆ ನೀರಿಲ್ಲದಿರುವುದೂ ಆಗಲೇ. ಹೋದ ವರ್ಷ ಹೆಂಡತಿ ಪಾತ್ರೆ ತೊಳೆದ ನೀರನ್ನು ಸೋಸಿ ಗಿಡಕ್ಕೆ ಹಾಕಿದಳು. ಬಾವಿಗೆ ಈ ಗತಿ ಬಂದದ್ದು ನನ್ನ 12 ಸೆಂಟ್ಸಿನಿಂದ ಮಾತ್ರ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಬೈಲಿನಲ್ಲಿ ಹಾಗೆ ಹನ್ನೊಂದು ತುಂಡು ತುಂಬಿದೆ.

ಪೇಟೆಗೆ ಇದರಿಂದ ಏನೂ ಆಗಲಿಲ್ಲವಾ? ಆಯಿತು. 2020ರ ಸೆಪ್ಟೆಂಬರ್ 20ರ ಆದಿತ್ಯವಾರ ನೆನಪಿರಬಹುದು. ಒಂದು ರಾತ್ರಿಯ ಮಳೆಗೆ ಉಡುಪಿ ಪೇಟೆಯೊಳಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ನೀರು ಹೆಚ್ಚು ನಿಂತದ್ದು ಎಲ್ಲೆಲ್ಲಿ ನೋಡಿ: ಕಲ್ಸಂಕ, ಬೈಲಕೆರೆ, ಬನ್ನಂಜೆ. ಕಲ್ಸಂಕ ಅಂದರೆ ಕಲ್ಲಿನ ಸಂಕ. ತೋಡು ಇಲ್ಲದೆ ಸಂಕ ಯಾರು ಹಾಕ್ತಾರೆ? ಬೈಲಕೆರೆಯ ಹೆಸರಿನಲ್ಲಿ ಬೈಲೂ ಉಂಟು, ಕೆರೆಯೂ ಉಂಟು. ಹಿರಿಯರು ಹೆಸರಿಡುವಾಗಲೇ ಅಲ್ಲಿ ನೀರು ಬರ್ತದೆ ಅಂತ ಬರೆದಿಟ್ಟು ಹೋಗಿದ್ದಾರೆ. ನಮ್ಮಲ್ಲೂ ಅಷ್ಟೆ, ಮೂಡಬೆಟ್ಟು, ಏಣಗುಡ್ಡೆ ಅಂತ ಜಾಗದ ಜಾತಕ ಹೆಸರಿನಲ್ಲೇ ಉಂಟು. ಪ್ಲಾನು ಮಾಡುವವರು ನಕ್ಷೆಯ ಬಣ್ಣ ನೋಡ್ತಾರೆ, ಹಸಿರು ಕೃಷಿಗೆ, ಹಳದಿ ವಸತಿಗೆ ಅಂತ. ಹೆಸರು ಓದುವುದಿಲ್ಲ.

ಕಲ್ಸಂಕದ ಕೆಳಗೆ ಹರಿಯುವುದು ಇಂದ್ರಾಣಿ. ಇಂದ್ರಾಳಿಯ ಕಡೆಯಿಂದ ಇಳಿದು ಪೇಟೆಯ ನಡುವಿನಿಂದಾಗಿ ಕಲ್ಮಾಡಿಯ ಕಡೆ ಹೋಗುವ ಹೊಳೆ. ಪೇಟೆಯ ಕೊಳಚೆ ಅದಕ್ಕೆ ಸೇರಿ ಬದಿಯ ಬಾವಿಗಳು ಹಾಳಾದ ದೂರು ಎಷ್ಟೋ ವರ್ಷದಿಂದ ಪೇಪರಿನಲ್ಲಿ ಬರ್ತಾ ಉಂಟು. ಆ ಹೊಳೆಯ ಬದಿಯಲ್ಲೂ ಭತ್ತ ಬೆಳೆಯುತ್ತಿದ್ದರು.

ಮಳೆಗಾಲದಲ್ಲಿ ಮುಳುಗುವ ಇದೇ ಪೇಟೆಗೆ ಬೇಸಗೆಯಲ್ಲಿ ಕುಡಿಯಲಿಕ್ಕೆ ನೀರಿಲ್ಲ. ಉಡುಪಿ, ಮಣಿಪಾಲಕ್ಕೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ, ಮತ್ತೆ 2023ರಲ್ಲಿ ಮಳೆ ತಡವಾದಾಗ, ಬಜೆಯಲ್ಲಿ ತಳ ಕಂಡಿತು. ಟ್ಯಾಂಕರು ಓಡಿದವು. ಇಂಥ ಹೊತ್ತಿನಲ್ಲಿ ಮೊದಲ ಮಾತು ಬರುವುದು ನದಿ ಬದಿಯ ಕೃಷಿಕರ ಪಂಪು ನಿಲ್ಲಿಸಬೇಕು ಅಂತ. ಕುಡಿಯುವ ನೀರು ಮೊದಲು, ಒಪ್ಪುತ್ತೇನೆ. ಆದರೆ ನಾಲ್ಕು ಮೀಟರ್ ಮಳೆ ಬೀಳುವ ಊರಿನಲ್ಲಿ ಎಂಟು ತಿಂಗಳು ಕಳೆಯುವಷ್ಟರಲ್ಲಿ ನೀರು ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಬೇಕಲ್ಲ? ಸಾವಿರ ಚದರಡಿಯ ಒಂದು ಟಾರಸಿಯ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳ್ತದೆ. ಅದನ್ನು ಪೈಪಿನಲ್ಲಿ ರಸ್ತೆಗೆ ಬಿಡುತ್ತಾರೆ. ರಸ್ತೆಯ ನೀರು ನಮ್ಮ ಗದ್ದೆಗೆ ಬರ್ತದೆ, ಪ್ಲಾಸ್ಟಿಕ್ ಸಮೇತ. ಇನ್ನು ದೂರದ ವಾರಾಹಿ ನದಿಯಿಂದ ಉಡುಪಿಗೆ ಪೈಪು ಎಳೆಯುವ ಯೋಜನೆ. ಒಳ್ಳೆಯದೇ. ಆದರೆ ಕಾಲಬುಡದ ಗದ್ದೆ ತುಂಬಿಸಿ ಅಷ್ಟು ದೂರದಿಂದ ನೀರು ತರುವುದು ಯಾವ ಜಾತಿಯ ಬುದ್ಧಿವಂತಿಕೆ ಅಂತ ನನಗೆ ಅರ್ಥ ಆಗಿಲ್ಲ.

ಇದನ್ನೆಲ್ಲ ಹೇಳಿದರೆ ಒಂದು ಪ್ರಶ್ನೆ ಬಂದೇ ಬರ್ತದೆ. "ನೀವು ಗದ್ದೆ ಮಾಡುವುದೇ ಇಲ್ಲ, ಹಡಿಲು ಬಿಡ್ತೀರಿ. ಮಾಡದ ಗದ್ದೆ ಯಾಕೆ ಬೇಕು?" ನನ್ನ ತಮ್ಮನ ಪ್ರಶ್ನೆಯೂ ಇದೇ. ಅವನು ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾನೆ, ಜಾಗದಲ್ಲಿ ಅವನಿಗೂ ಪಾಲುಂಟು.

ಪ್ರಶ್ನೆ ನ್ಯಾಯದ್ದೇ. ಆಳು ಸಿಗುವುದಿಲ್ಲ, ಸಿಕ್ಕಿದರೆ ಸಂಬಳ ಕೊಟ್ಟು ಪೂರೈಸುವುದಿಲ್ಲ. ನವಿಲು ಬಿತ್ತಿದ್ದನ್ನು ಹೆಕ್ತದೆ. ನನ್ನ ಭತ್ತದಲ್ಲಿ ಮನೆ ಖರ್ಚಿಗೆ ಅಕ್ಕಿ, ದನಕ್ಕೆ ಹುಲ್ಲು, ಅಷ್ಟೇ ಲಾಭ. ಆದರೆ ಹಡಿಲು ಯಾಕೆ ಬೀಳ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಬೈಲಿನ ನಡುವೆ ಒಂದು ತುಂಡು ತುಂಬಿದರೆ ಮೇಲಿನವನ ನೀರು ಹೋಗುವುದಿಲ್ಲ, ಕೆಳಗಿನವನಿಗೆ ಬರುವುದಿಲ್ಲ, ಬಂದರೆ ಒಟ್ಟಿಗೆ ಬಂದು ಕೊಚ್ಚಿಕೊಂಡು ಹೋಗ್ತದೆ. ಟಿಲ್ಲರ್ ದಾಟುತ್ತಿದ್ದ ದಾರಿ ಕಂಪೌಂಡ್ ಆಯಿತು. ಕಟಾವು ಯಂತ್ರದವನು ಬಂದು ನೋಡಿ, "ಇಲ್ಲಿ ಮಿಷನ್ ಇಳಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ" ಅಂತ ವಾಪಸು ಹೋದ. ನನ್ನ ಬೆಟ್ಟನ್ನು ಈಗ ಕತ್ತಿಯಲ್ಲೇ ಕೊಯ್ಯುವುದು, ನಾನು, ಹೆಂಡತಿ, ಆದಿತ್ಯವಾರ ಮಗ. ಹೀಗೆ ಒಬ್ಬನು ಬಿಡ್ತಾನೆ, ಇನ್ನೊಬ್ಬನು ಬಿಡ್ತಾನೆ. ಐದು ವರ್ಷ ಹಡಿಲು ಬಿದ್ದ ಮೇಲೆ ಕನ್ವರ್ಷನ್ ಅರ್ಜಿಯಲ್ಲಿ ಬರೆಯುತ್ತಾರೆ, ಇಲ್ಲಿ ಸಾಗುವಳಿ ಆಗುತ್ತಿಲ್ಲ ಅಂತ. ಆ ಮಾತು ಸುಳ್ಳೂ ಅಲ್ಲ!

ಹಡಿಲು ಗದ್ದೆಗೆ ಮತ್ತೆ ಜೀವ ಬರುವುದಿಲ್ಲ ಅಂತ ಹೇಳುವವರಿಗೆ 2021ರ ಮಳೆಗಾಲ ನೆನಪು ಮಾಡುತ್ತೇನೆ. ಉಡುಪಿಯ ಸುತ್ತಿನಲ್ಲಿ ಹಡಿಲು ಬಿದ್ದ ಗದ್ದೆಗಳನ್ನು ಕೇದಾರೋತ್ಥಾನ ಟ್ರಸ್ಟಿನವರು ಸಂಘ ಸಂಸ್ಥೆಗಳನ್ನು ಕಟ್ಟಿಕೊಂಡು ನಾಟಿ ಮಾಡಿಸಿದರು. 'ಉಡುಪಿ ಕೇದಾರ ಕಜೆ' ಅಂತ ಅಕ್ಕಿ ಮಾರಾಟಕ್ಕೆ ಬಂತು. ಒಂದು ವರ್ಷದ ಉಮೇದಿನಿಂದ ಎಲ್ಲ ಸರಿಹೋಗುವುದಿಲ್ಲ, ಅದು ಬೇರೆ. ಆದರೆ ಹಡಿಲು ಗದ್ದೆಯಲ್ಲಿ ಭತ್ತ ಆಗ್ತದೆ ಅಂತ ಎಲ್ಲರ ಕಣ್ಣಿಗೆ ಕಂಡಿತು. ನಾಲ್ಕಡಿ ಮಣ್ಣು ಬಿದ್ದ ಗದ್ದೆಯಲ್ಲಿ ಯಾವ ಟ್ರಸ್ಟು ಬಂದರೂ ಆಗುವುದಿಲ್ಲ.

ಕಾನೂನಿನ ವಿಷಯ ಸ್ವಲ್ಪ. ನಮ್ಮಲ್ಲಿ ಕೃಷಿಕನಲ್ಲದವನು ಕೃಷಿ ಜಾಗ ಕೊಳ್ಳಬಾರದು ಅಂತ ಇದ್ದ ಕಟ್ಟು 2020ರ ತಿದ್ದುಪಡಿಯಲ್ಲಿ ಹೋಯಿತು. ಅಪ್ಪನಿಗೆ ಜಾಗ ಕೊಟ್ಟ ಅದೇ ಭೂಸುಧಾರಣಾ ಕಾಯಿದೆಯ ತಿದ್ದುಪಡಿ. ಆದರೆ ಪಕ್ಕದ ಕಾಸರಗೋಡಿನ ನಮ್ಮ ಕನ್ನಡ ಕೃಷಿಕರನ್ನು ಕೇಳಿ ನೋಡಿ. ಕೇರಳದಲ್ಲಿ 2008ರಲ್ಲೇ ಭತ್ತದ ಗದ್ದೆ ಮತ್ತು ಜೌಗು ಭೂಮಿ ಉಳಿಸಲು ಒಂದು ಕಾಯಿದೆ ಬಂದಿದೆ. ಎಲ್ಲೆಲ್ಲಿ ಗದ್ದೆ ಉಂಟು ಅಂತ ಪಂಚಾಯತು ಪಂಚಾಯತಿಗೆ ಪಟ್ಟಿ ಮಾಡಬೇಕು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ಗ್ರಾಮಾಧಿಕಾರಿ, ಜತೆಗೆ ಮೂರು ಮಂದಿ ಭತ್ತದ ಕೃಷಿಕರು ಇರುವ ಸಮಿತಿ ಕಾವಲು. ಬೇರೆ ಜಾಗವೇ ಇಲ್ಲದವನು ಸ್ವಂತ ಮನೆಗೆ ಪಂಚಾಯತಿನಲ್ಲಿ 10 ಸೆಂಟ್ಸಿನವರೆಗೆ ಕೇಳಿಕೊಳ್ಳಬಹುದು. ಅಲ್ಲಿಯೂ ಎಲ್ಲ ಸರಿ ನಡೀತದೆ ಅಂತ ನಾನು ಹೇಳುವುದಿಲ್ಲ, 2018ರಲ್ಲಿ ಅದನ್ನೂ ಸ್ವಲ್ಪ ಸಡಿಲ ಮಾಡಿದ್ದಾರೆ. ಆದರೂ ಮಣ್ಣು ಹಾಕುವ ಮೊದಲು ಊರಿನ ಮೂವರು ಕೃಷಿಕರ ಮುಖ ನೋಡಬೇಕಾದ ಒಂದು ವ್ಯವಸ್ಥೆ ಉಂಟು. ನಮ್ಮಲ್ಲಿ ಮಣ್ಣು ಬಿದ್ದ ಮೇಲೆ ನಮಗೆ ಗೊತ್ತಾಗುವುದು.

ಅಷ್ಟು ದೊಡ್ಡ ಕಾಯಿದೆ ಬರುವವರೆಗೆ ನಾವು ಕೂತಿರಬೇಕಾಗಿಲ್ಲ. ತೋಡು ಯಾರ ಅಪ್ಪನ ಆಸ್ತಿಯೂ ಅಲ್ಲ, ಸರ್ವೆ ನಕ್ಷೆಯಲ್ಲಿ ಉಂಟು. ಪ್ರತಿ ಬೈಲಿನವರು ಸೇರಿ ತಮ್ಮ ತೋಡಿನ ಅಗಲ ಅಳೆಸಿ ಗ್ರಾಮಸಭೆಯಲ್ಲಿ ಬರೆಸಲಿ. ಬೆಟ್ಟಿನಲ್ಲಿ, ಗುಡ್ಡೆಯಲ್ಲಿ ಮನೆ ಕಟ್ಟುವವರಿಗೆ ಯಾರ ಅಡ್ಡಿಯೂ ಬೇಡ, ಟಾರಸಿಯ ನೀರು ಅಲ್ಲೇ ಇಂಗುವ ಹಾಗೆ ಒಂದು ಗುಂಡಿ ಮಾಡಿಸಿದರೆ ಸಾಕು. ಗುಡ್ಡೆ ಇದ್ದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬಹುದು, ಮಣಿಪಾಲದ ಹಳೇ ಕಟ್ಟಡಗಳಲ್ಲಿ ಎಷ್ಟೋ ಹಾಗೇ ಉಂಟು. ಬ್ರೋಕರರು ಮೇಲಿನ ಬೆಟ್ಟು ಬೇಡ, ಕೆಳಗಿನದು ಕೊಡಿ ಅನ್ನುವುದು ಯಾಕೆ? ರಸ್ತೆ ಕೆಳಗೆ ಉಂಟು, ಅಷ್ಟೆ. ಬೆಟ್ಟಿಗೆ ಹತ್ತಡಿಯ ರಸ್ತೆ ಮಾಡಿಸಿದರೆ ಆ ಆಸೆ ಅರ್ಧ ಕಡಿಮೆ ಆಗ್ತದೆ. ಪಂಚಾಯತಿಗೆ ಇದು ದೊಡ್ಡ ಖರ್ಚಲ್ಲ.

ಮಟ್ಟುವಿನವರನ್ನು ನೋಡಿ. ಕಟಪಾಡಿಯಿಂದ ಪಡುವಕ್ಕೆ, ಸಮುದ್ರದ ಬದಿ. ಮಟ್ಟುಗುಳ್ಳ ಬೆಳೆಯುವ ಜಾಗ ಬಹಳ ಇಲ್ಲ. ವಾದಿರಾಜರು ಕೊಟ್ಟ ಬೀಜ ಅಂತ ನಂಬಿಕೆ, ಕೃಷ್ಣ ಮಠಕ್ಕೆ ಹೋಗುವ ಗುಳ್ಳ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟು ಸಣ್ಣ ಜಾಗದ ಬದನೆಗೆ ಒಂದು ಹೆಸರು, ಒಂದು ಸಂಘ, ಒಂದು ಕಾಗದ ಆಯಿತು. ಬೆಟ್ಟು ಗದ್ದೆಯ ಕೆಂಪಕ್ಕಿಗೆ, ಉದ್ದಿಗೆ ಏನುಂಟು? ಪೇಟೆಯ ಹೋಟೆಲಿನವರು ಇಡ್ಲಿಗೆ ಉದ್ದು ಎಲ್ಲೆಲ್ಲಿಂದಲೋ ತರಿಸುತ್ತಾರೆ. ಉಡುಪಿಯ ಇಡ್ಲಿಗೆ ಉಡುಪಿಯ ಉದ್ದು ಇಲ್ಲ. ಒಂದು ಕ್ವಿಂಟಾಲು ಕೊಡುತ್ತೇನೆ ಅಂತ ನಾನು ಹೋದರೆ ನಗ್ತಾರೆ. ನೂರು ಜನ ಒಟ್ಟಿಗೆ ಹೋದರೆ ನಗಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. ವಿಷು ಹಬ್ಬಕ್ಕೆ ತಮ್ಮ ಬಂದಿದ್ದ. ಎರಡು ದಿನ ಮಾತಾಯಿತು, ಸ್ವಲ್ಪ ಜೋರಾಗಿಯೇ. ಕೊನೆಗೆ ನಾನು ಹೇಳಿದೆ, ಮೇಲಿನ ಬೆಟ್ಟಿನಲ್ಲಿ 20 ಸೆಂಟ್ಸು ಅವನ ಹೆಸರಿಗೆ ಮಾಡಿಕೊಡುತ್ತೇನೆ, ಮನೆ ಕಟ್ಟಲಿ, ಮಾರಲಿ, ಅವನಿಷ್ಟ. ಕೆಳಗಿನ ಮಜಲಿಗೆ ಮಾತ್ರ ನಾನು ಸಹಿ ಹಾಕುವುದಿಲ್ಲ. "ಬೆಟ್ಟಿಗೆ ಅರ್ಧ ರೇಟೂ ಇಲ್ಲ ಅಣ್ಣಾ" ಅಂದ. ಹೌದು, ಇಲ್ಲ. ಆ ನಷ್ಟಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಗ ಏನೂ ಹೇಳಲಿಲ್ಲ. ಮೇ ಕೊನೆಯ ಆದಿತ್ಯವಾರ ತಾನಾಗಿಯೇ ಹಾರೆ ಹಿಡಿದು ಬಂದ. ಇಬ್ಬರೂ ಸೇರಿ ದೊಡ್ಡಮ್ಮನ ಗದ್ದೆಯ ಬದಿಗೆ ಮುಚ್ಚಿದ್ದ ಕಣಿಯನ್ನು ಮೂವತ್ತು ಅಡಿಯಷ್ಟು ಬಿಡಿಸಿದೆವು. ಒಂದಡಿಯ ಪೈಪು ಇರುವಲ್ಲಿಗೆ ಬಂದು ನಿಂತೆವು, ಅದರಿಂದ ಮುಂದೆ ನಮ್ಮದಲ್ಲ. ತೋಡು ಅಳೆಸಲಿಕ್ಕೆ ಅರ್ಜಿ ಕೊಟ್ಟಾಗಿದೆ, ಸರ್ವೆಯವರು ಮಳೆ ಕಳೆಯಲಿ ಅಂದಿದ್ದಾರೆ.

ಈಗ ಆಟಿ. ಜಾಗದ ಮಾತು ಆಡುವ ತಿಂಗಳಲ್ಲ. ಬ್ರೋಕರರು ಸೋಣದಲ್ಲಿ ಬರ್ತೇನೆ ಅಂತ ಫೋನ್ ಮಾಡಿದ್ದಾರೆ.